ಕರೆಂಟಿಲ್ಲದ ಮನೆಯ ಏಳು ಗಿಟಾರುಗಳು

ನನ್ನ ಸೋದರಮಾವನಿಗೆ ಹುಚ್ಚು ಎಂದು ಯಾರಾದರೂ ಹೇಳಿದರೆ ನಾನು ಜಗಳಕ್ಕೆ ಹೋಗುವುದಿಲ್ಲ. ಹುಚ್ಚಿಗೂ ಒಂದು ಮಟ್ಟ ಇರುತ್ತದಲ್ಲ, ಅದನ್ನು ಕಡಿಮೆ ಮಾಡಿ ಹೇಳಿದರೆ ಮಾತ್ರ ಸಿಟ್ಟು ಬರುತ್ತದೆ! ನೀವೇ ನೋಡಿ. ಮಾವನ ಮನೆಯಲ್ಲಿ ಏಳು ಎಲೆಕ್ಟ್ರಿಕ್ ಗಿಟಾರುಗಳಿದ್ದವು. ಮನೆಗೆ ಕರೆಂಟು ಇರಲಿಲ್ಲ. ಮಾವನಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ. ಆ ಮನೆಯಲ್ಲಿದ್ದ ಇನ್ನೊಂದೇ ಜೀವ ನಮ್ಮ ಅತ್ತೆ, ಅವರಿಗೆ ಎಂಟನೆಯ ವಯಸ್ಸಿನಿಂದ ಕಿವಿ ಕೇಳುತ್ತಿರಲಿಲ್ಲ. ಈಗ ಹೇಳಿ, ಇದಕ್ಕೆ ಬರೀ ಹುಚ್ಚು ಅಂದರೆ ಸಾಕೇ?

ಮಾವ ಹುದಿಕೇರಿ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಬೆಳಿಗ್ಗೆ ಲೈನುಮನೆಗಳ ಮುಂದೆ ನಿಂತು ಆಳುಗಳ ಹಾಜರಿ ಕೂಗುವುದು ಅವರ ಕೆಲಸ. ಅವರು ಹೆಸರು ಕೂಗಿದರೆ ಆಚೆ ಗುಡ್ಡದ ಎಸ್ಟೇಟಿನಲ್ಲಿ ಅದೇ ಹೆಸರಿನವಳು ಯಾರೋ ‘ಬಂದೇ’ ಅನ್ನುತ್ತಿದ್ದಳಂತೆ. ಅಂಥ ಗಂಟಲು. ನನಗಾಗ ವಿರಾಜಪೇಟೆಯಲ್ಲಿ ಟೀಚರ್ ಕೆಲಸ ಸಿಕ್ಕಿದ ಹೊಸತು. ರಜೆ ಬಂದರೆ ಮಾವನ ಮನೆಗೆ ಓಡುತ್ತಿದ್ದೆ. ಪ್ರತಿ ಸಲವೂ ಬೆಚ್ಚಿ ಬೀಳಲು ಅಲ್ಲಿ ಏನಾದರೊಂದು ಕಾದಿರುತ್ತಿತ್ತು.

ನಮ್ಮ ಅವ್ವ ಮಾತ್ರ ಆ ಮನೆಯ ಹೊಸ್ತಿಲು ದಾಟುವುದನ್ನೇ ಬಿಟ್ಟಿದ್ದಳು. ಅವಳು ಮಾವನ ಅಕ್ಕ, ಅವರನ್ನು ಸೊಂಟದಲ್ಲಿ ಹೊತ್ತು ಬೆಳೆಸಿದವಳು. “ಕಿವಿ ಕೇಳದ ಹೆಂಡ್ತಿ ಕಣ್ಣೆದುರು ಗೋಡೆ ತುಂಬ ವಾದ್ಯ ನೇತು ಹಾಕಿಯುಟ್ಟಲ್ಲ, ಅದ್ ಅವಳ್ನ ಅಣಕಿಸಿದ ಹಾಂಗೆ ಅಲ್ವಾ? ಆ ಗಿಟಾರುಗ ಮನೆಯಿಂದ ಹೊರಗೆ ಹೋಗುವವರೆಗೆ ನಾ ಒಳಗೆ ಕಾಲಿಡುದಿಲ್ಲೆ,” ಎಂದು ಅವಳು ಅಂಗಳದಲ್ಲೇ ನಿಂತು ಹೇಳಿ ಹೊರಟುಬಿಟ್ಟಿದ್ದಳು. ಅತ್ತೆಯ ಪರವಾಗಿ ಅವ್ವ ಹೂಡಿದ ಯುದ್ಧ ಅದು. ಅತ್ತೆಯನ್ನು ಮಾತ್ರ ಯಾರೂ ಕೇಳಿರಲಿಲ್ಲ. ಕೇಳುವುದಾದರೂ ಹೇಗೆ, ಹೇಳಿ!

ಮೊದಲ ಗಿಟಾರು ಬಂದ ದಿನ ನಾನು ಅಲ್ಲೇ ಇದ್ದೆ. ಮಾವ ಉದ್ದನೆಯ ಕಪ್ಪು ಪೆಟ್ಟಿಗೆಯೊಂದನ್ನು ಹೊತ್ತು ಬಸ್ಸಿನಿಂದ ಇಳಿದರು. ನಮ್ಮ ಕೊಡಗಿನಲ್ಲಿ ಉದ್ದನೆಯ ಪೆಟ್ಟಿಗೆ ಬಸ್ಸಿನಿಂದ ಇಳಿದರೆ ಒಳಗೆ ಏನಿದೆ ಎಂದು ಯಾರಾದರೂ ಕೇಳುತ್ತಾರೆಯೇ? ಕೋವಿ! ಅಂಗಳದಲ್ಲಿ ಜನ ಸೇರಿತು. ಪಕ್ಕದ ಮನೆಯ ಅಜ್ಜ ಮೀಸೆ ತೀಡಿಕೊಂಡು ಮುಂದೆ ಬಂದರು.

“ಒಂಟಿ ನಳಿಗೆಯಾ, ಜೋಡಿ ನಳಿಗೆಯಾ?”

“ಆರು ತಂತಿ,” ಅಂದರು ಮಾವ.

ಪೆಟ್ಟಿಗೆ ತೆರೆದರೆ ಒಳಗೆ ಒಂದು ಹಲಗೆ! ಅದಕ್ಕೊಂದು ಕುತ್ತಿಗೆ, ಎರಡು ಗುಂಡಿ, ಆರು ತಂತಿ. ಕಲ್ಲಿಕೋಟೆಯಲ್ಲಿ ಹಡಗಿನವನೊಬ್ಬನಿಂದ ಕುಟ್ಟ ಎಂಬ ಗಡಿ ಊರಿನ ವ್ಯಾಪಾರಿಯ ಕೈಗೆ ಬಂದು, ಅಲ್ಲಿಂದ ಮಾವನ ಕೈಗೆ ಬಂದದ್ದಂತೆ. ಅಜ್ಜ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಇದ್ಕೆ ಹೊಟ್ಟೆಯೇ ಇಲ್ಲೆಲ್ಲ ಮಾರಾಯ! ಸ್ವರ ಎಲ್ಲಿಂದ ಬರುದು?”

“ಕರೆಂಟಿಂದ.”

ಅಜ್ಜ ಕೈ ಸುಟ್ಟವರಂತೆ ಅದನ್ನು ಪೆಟ್ಟಿಗೆಗೆ ಹಾಕಿ ಎರಡು ಹೆಜ್ಜೆ ಹಿಂದೆ ಸರಿದರು. ಅಂದಿನಿಂದ ಅದನ್ನಿಟ್ಟ ಕೋಣೆಗೆ ಹೊರಗಿನವರು ಯಾರೂ ಕಾಲಿಡಲಿಲ್ಲ, ಶಾಕ್ ಹೊಡೆಯುತ್ತದೆ ಎಂಬ ಹೆದರಿಕೆ! ನಮ್ಮ ಊರಿಗೆ ಕರೆಂಟಿನ ಕಂಬವೇ ಬಂದಿರಲಿಲ್ಲ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ್ದೇ ತಡ, ಕರೆಂಟು ಓಡಿ ಬರುತ್ತದೆ ಎಂದಿದ್ದವರೆಲ್ಲ ಇನ್ನೂ ಲಾಟೀನಿನ ಗಾಜು ಒರೆಸುತ್ತಿದ್ದರು. ಆದರೂ ಶಾಕಿನ ಭಯ ಮಾತ್ರ ಮುಂಚಿತವಾಗಿ ಬಂದಿತ್ತು.

ಒಂದು ಎರಡಾಯಿತು, ಎರಡು ನಾಲ್ಕಾಯಿತು. ಒಂದಕ್ಕೆ ಇಸ್ತ್ರಿ ಮೇಜಿನ ಹಾಗೆ ನಾಲ್ಕು ಕಾಲು. ಒಂದು ಪೂರ್ತಿ ಲೋಹದ್ದು, ದುಂಡಗೆ ಬಾಣಲೆಯ ಹಾಗಿತ್ತು. ಒಂದಕ್ಕೆ ಎರಡು ಕುತ್ತಿಗೆ! ಇನ್ನೊಂದನ್ನು ಮೈಸೂರಿನ ಯಾರೋ ಮೆಕ್ಯಾನಿಕ್ ಬಸ್ಸಿನ ಸೀಟಿನ ಹಲಗೆಗೆ ಹಳೆಯ ಟೆಲಿಫೋನಿನ ಅಯಸ್ಕಾಂತ ಕೂರಿಸಿ ಮಾಡಿದ್ದಂತೆ. ಚೆಂದದ ಗಿಟಾರು ಒಂದೂ ಇಲ್ಲ. ಯಾರಿಗೂ ಬೇಡವಾದದ್ದು, ಹಳೆಯದು, ವಿಕಾರವಾದದ್ದು, ಮುಖ್ಯವಾಗಿ ಹೊಟ್ಟೆ ಇಲ್ಲದ್ದು, ಅಂಥದ್ದೇ ಆಗಬೇಕು.

ಬಿಟ್ಟಂಗಾಲದ ಹತ್ತಿರ ಬಂಗಲೆ ಖಾಲಿ ಮಾಡಿ ಇಂಗ್ಲೆಂಡಿಗೆ ಹೊರಟಿದ್ದ ದೊರೆಯೊಬ್ಬರ ಸಾಮಾನು ಹರಾಜಿಗೆ ನನ್ನನ್ನೂ ಕರೆದುಕೊಂಡು ಹೋದರು. ನಾನು ಹೊಸ ಸೀರೆ ಉಟ್ಟು, ಕೊಡೆ ಹಿಡಿದು, ಮರ್ಯಾದೆಯಿಂದ ಹೋದೆ. ಅಲ್ಲಿ ಎರಡು ಗಿಟಾರು ಇದ್ದವು. ಒಂದು ಮುತ್ತಿನ ಚಿಪ್ಪಿನ ಅಂಚಿನ ಹೊಳೆಯುವ ಸುಂದರಿ, ದೊಡ್ಡ ಹೊಟ್ಟೆಯದು. ಮಾವ ಅದನ್ನು ತಿರುಗಿಯೂ ನೋಡಲಿಲ್ಲ. ಮೂಲೆಯಲ್ಲಿದ್ದ ಹಸಿರು ಬಣ್ಣದ ಹಲಗೆಯೊಂದನ್ನು ಎತ್ತಿಕೊಂಡರು. ತಂತಿ ಮೀಟಿದರು. ತಮ್ಮ ಎರಡೂ ಕಿವಿಗೆ ಬೆರಳು ತುರುಕುವಂತೆ ನನಗೆ ಸನ್ನೆ ಮಾಡಿದರು, ನಾನು ತಿಳಿಯದವಳ ಹಾಗೆ ಬೇರೆ ಕಡೆ ನೋಡಿದೆ. ಆಮೇಲೆ, ಅಷ್ಟು ಜನರ ಎದುರಿಗೆ, ಬಾಯಿ ಅಗಲಿಸಿ ಗಿಟಾರಿನ ಅಂಚನ್ನು ಕಚ್ಚಿದರು!

ಹರಾಜು ಕೂಗುತ್ತಿದ್ದವನ ಬಾಯಿ ತೆರೆದದ್ದು ತೆರೆದಂತೆಯೇ ನಿಂತಿತು. ದೊರೆಸಾನಿ ಮೆಟ್ಟಿಲಿಳಿದು ಓಡಿ ಬಂದರು.

“ರೈಟರ್! ಅದು ತಿನ್ನೋದು ಅಲ್ಲ!”

ಭೂಮಿ ಬಾಯಿಬಿಡಬಾರದೇ ಅನಿಸಿತು ನನಗೆ. ದಾರಿಯಲ್ಲಿ ಕೇಳಿದೆ: “ಎಂತಕ್ಕೆ ಕಚ್ಚಿದ್ದು ಮಾವ?” “ಮರ ಹೆಂಗುಟ್ಟುತ ನೋಡ್ದೆ ಗೂಡೆ,” ಅಂದರು. ಗೂಡೆ ಅಂದರೆ ನಮ್ಮ ಅರೆಭಾಷೆಯಲ್ಲಿ ಹುಡುಗಿ, ಉಟ್ಟು ಅಂದರೆ ಇದೆ. ಈ ಗೂಡೆ ಅವತ್ತು ವಿರಾಜಪೇಟೆ ಬಸ್ಸು ಬರುವವರೆಗೆ ಅವರಿಂದ ಹತ್ತು ಮಾರು ದೂರದಲ್ಲಿ, ಪರಿಚಯವೇ ಇಲ್ಲದವಳ ಹಾಗೆ ನಿಂತಿದ್ದಳು.

ಅದಕ್ಕಿಂತ ದೊಡ್ಡ ಆಘಾತ ಆ ವರ್ಷದ ಕೈಲ್ ಮುಹೂರ್ತದಂದು. ನಾಟಿ ಮುಗಿದ ಮೇಲೆ ಕೋವಿ, ಕತ್ತಿಗಳನ್ನೆಲ್ಲ ತೊಳೆದು, ಸಾಲಾಗಿ ಇಟ್ಟು, ಗಂಧ ಹಚ್ಚಿ, ಹೂವು ಸಿಕ್ಕಿಸಿ ಪೂಜಿಸುವ ಹಬ್ಬ ಅದು. ಮಾವನ ಮನೆಯಲ್ಲಿ ಒಂದು ಕೋವಿ, ಎರಡು ಕತ್ತಿ, ಆಮೇಲೆ ಸಾಲಾಗಿ ಏಳು ಗಿಟಾರು! ಪ್ರತಿಯೊಂದರ ತಲೆಗೂ ಕಾಡಿನ ಕೆಂಪು ಹೂವು! ಸುದ್ದಿ ಅವ್ವನಿಗೆ ಮುಟ್ಟಿತು. ಅವಳು ಎರಡು ದಿನ ನನ್ನ ಜೊತೆಗೂ ಮಾತಾಡಲಿಲ್ಲ. ನಾನು ಏನು ಮಾಡಿದ್ದೆ? ಪ್ರಸಾದ ತಿಂದಿದ್ದೆ, ಅಷ್ಟೇ.

ಕೊನೆಗೊಂದು ದಿನ ಕಂಬಗಳು ಬಂದವು. ತಂತಿ ಎಳೆದರು. ಮಾವನ ಮನೆಗೂ ಕರೆಂಟು ಬಂತು! ಇಷ್ಟು ವರ್ಷ ಕಾದವರಲ್ಲವೇ, ಇವತ್ತು ಸಂಗೀತ ಕಚೇರಿ ನಡೆಯುತ್ತದೆ ಎಂದು ಊರೇ ನೆರೆಯಿತು. ಪಕ್ಕದ ಮನೆಯ ಅಜ್ಜ ರಬ್ಬರಿನ ಚಪ್ಪಲಿ ಹಾಕಿಕೊಂಡೇ ಬಂದು ಮುಂದಿನ ಸಾಲಿನಲ್ಲಿ ಕೂತರು. ಮಾವ ಎಲ್ಲರಿಗೂ ಕಾಫಿ ಕೊಟ್ಟರು. ಅಡಿಗೆಮನೆಯಲ್ಲಿ ಒಂದು ಬಲ್ಬು ಹೊತ್ತಿಸಿ ತೋರಿಸಿದರು. ಅಷ್ಟೇ! ಗಿಟಾರಿನ ಕೋಣೆಗೆ ವಯರನ್ನೇ ಎಳೆಸಿರಲಿಲ್ಲ.

“ಮತ್ತೆ ಗಿಟಾರಿಗೆ?” ಎಂದು ಅಜ್ಜ ಕೇಳಿದರು.

“ಅದ್ಕೆ ಕರೆಂಟ್ ಎಂತಕ್ಕೆ?” ಅಂದರು ಮಾವ.

ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡು ಎದ್ದು ಹೋದೆವು. ಇನ್ನು ಇದನ್ನು ಹೀಗೆಯೇ ಬಿಡಬಾರದು ಎಂದು ಅವ್ವ ತೀರ್ಮಾನಿಸಿದ್ದು ಆಗಲೇ.

ಬೆಂಗಳೂರಿನ ಹೋಟೆಲೊಂದರಲ್ಲಿ ಬ್ಯಾಂಡು ನುಡಿಸುತ್ತಿದ್ದ ಮನುಷ್ಯನೊಬ್ಬ ಹಳೆಯ ಗಿಟಾರುಗಳನ್ನು ಹುಡುಕುತ್ತಿದ್ದಾನೆಂದು ಯಾರಿಂದಲೋ ತಿಳಿದು, ಅವ್ವ ನನ್ನ ಕೈಯಿಂದಲೇ ಅವನಿಗೆ ಕಾಗದ ಬರೆಸಿದಳು. ಅವನು ಒಂದು ಭಾನುವಾರ ಬೆಳಿಗ್ಗೆ ಕಾರಿನಲ್ಲಿ ಬಂದೇಬಿಟ್ಟ. ಅವ್ವ ಅಂಗಳದ ಕಲ್ಲಿನ ಮೇಲೆ ಕೂತಳು. ಒಳಗೆ ಹೋಗಿ ವ್ಯವಹಾರ ಮುಗಿಸುವ ಪಾಪದ ಕೆಲಸ ನನ್ನದು.

ಕೋಣೆಯ ಗೋಡೆ ನೋಡಿ ಆ ಮನುಷ್ಯ ಬೆರಗಾಗಿ ನಿಂತ. “ರೈಟರೇ, ಇವು ಎಂಥವು ಅಂತ ಗೊತ್ತಾ ನಿಮಗೆ? ಈ ಬಾಣಲೆಯಂಥದ್ದನ್ನ ನಾನು ಪಟದಲ್ಲಿ ಮಾತ್ರ ನೋಡಿದ್ದು!” ಎಂದು ಒಂದೊಂದನ್ನೇ ಮಗುವಿನ ಹಾಗೆ ಎತ್ತಿಕೊಂಡ. ಆಮೇಲೆ ಸುತ್ತ ನೋಡಿದ. “ಆಂಪ್ಲಿಫೈಯರ್ ಎಲ್ಲಿ?”

“ಅದ್ ಇಲ್ಲೆ,” ಎಂದು ಮಾವ ಇಲ್ಲವೆನ್ನುವಂತೆ ತಲೆಯಾಡಿಸಿದರು.

“ಏಳು ಗಿಟಾರಿಗೆ ಒಂದೂ ಇಲ್ವಾ?”

ಮಾವ ಅಪರಾಧಿಯ ಹಾಗೆ ನಿಂತಿದ್ದರು. ಅವನು ಹಸಿರು ಗಿಟಾರನ್ನು ಕಿಟಕಿಯ ಬೆಳಕಿಗೆ ಹಿಡಿದ. ಅಂಚಿನಲ್ಲಿ ಸಾಲಾಗಿ ಗುರುತುಗಳು. “ಇದೇನ್ರಿ, ಇಲಿ ಕಡಿದಿದ್ಯಾ?” ಮಾವನ ಮುಖ ಕೆಂಪಾಯಿತು. ನಾನು ಹರಾಜಿನ ದಿನವನ್ನು ನೆನೆದು ತಲೆ ತಗ್ಗಿಸಿದೆ. ಆದರೆ ಗುರುತುಗಳು ಸಣ್ಣವು, ಬಹಳ ಇದ್ದವು, ಲೋಹದ ಬಾಣಲೆ ಬಿಟ್ಟು ಎಲ್ಲ ಗಿಟಾರಿನ ಮೇಲೂ ಇದ್ದವು. ಪರವಾಗಿಲ್ಲ, ಎಲ್ಲವನ್ನೂ ಕೊಳ್ಳುತ್ತೇನೆ ಎಂದು ಅವನು ಪೆಟ್ಟಿಗೆಗಳನ್ನು ತೆರೆದ. ಮಾವ ಬೇಡವೆನ್ನಲಿಲ್ಲ. ಅಕ್ಕ ಅಂಗಳದಲ್ಲಿ ಕೂತಿದ್ದಾಳೆ, ಅವರೇನು ಹೇಳಬಲ್ಲರು? ಗೋಡೆಯ ಕಡೆ ತಿರುಗಿ ನಿಂತರು.

ಆಗ ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಡಿಗೆಮನೆಯಿಂದ ಬಂದರು. ಏನು ನಡೆಯುತ್ತಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಪೆಟ್ಟಿಗೆಗಳನ್ನು ನೋಡಿದರು. ಮಾವನ ಬೆನ್ನು ನೋಡಿದರು. ಜೋರಾಗಿ ನಗಲೂ ನಾಚುವ ನಮ್ಮ ಅತ್ತೆ ನೇರ ಹೋಗಿ ಆ ಅಪರಿಚಿತನ ಕೈಯಿಂದ ಹಸಿರು ಗಿಟಾರನ್ನು ಕಸಿದುಕೊಂಡು, ನೆಲದ ಮೇಲೆ ಕೂತು, ಅದರ ಅಂಚನ್ನು ಹಲ್ಲಿನಿಂದ ಕಚ್ಚಿ ಹಿಡಿದುಬಿಟ್ಟರು!

ನಾನು ಕಿರುಚಿದೆ. ಸುಳ್ಳು ಯಾಕೆ ಹೇಳಲಿ, ಮಾವನ ಹುಚ್ಚು ಅತ್ತೆಗೂ ಅಂಟಿತು ಎಂದುಕೊಂಡೇ ಕಿರುಚಿದೆ. ಅದನ್ನು ಕೇಳಿ ಅವ್ವ ತನ್ನ ಪ್ರತಿಜ್ಞೆಯನ್ನೆಲ್ಲ ಮರೆತು ಒಳಗೆ ಓಡಿ ಬಂದಳು.

ಮಾವ ಮೆಲ್ಲನೆ ಅತ್ತೆಯ ಎದುರು ಕೂತರು. ಒಂದು ತಂತಿ ಮೀಟಿದರು. ನಮಗೆ ಕೇಳಿಸಿದ್ದು ಸೊಳ್ಳೆಯ ಹಾಡಿನಷ್ಟು. ಅತ್ತೆ ಕಣ್ಣು ಮುಚ್ಚಿದರು. ಇನ್ನೊಂದು ಮೀಟಿದರು. ಅತ್ತೆಯ ತಲೆ ಮೆಲ್ಲಗೆ ಆಡಿತು. ಸ್ವರ ಏರಿದಾಗ ಅವರ ಹುಬ್ಬು ಏರುತ್ತಿತ್ತು, ಇಳಿದಾಗ ಇಳಿಯುತ್ತಿತ್ತು.

“ಅವಳಿಗೆ ಕೇಳ್ತುಟ್ಟು ಅಕ್ಕ,” ಅಂದರು ಮಾವ, ಅವ್ವನ ಮುಖ ನೋಡದೆ. “ಹಲ್ಲಿಂದ ಕೇಳ್ತುಟ್ಟು. ಹೊಟ್ಟೆ ಇರುವ ಗಿಟಾರು ಸ್ವರನೆಲ್ಲ ಊರಿಗೆ ಹಂಚಿಬಿಡುತ್ತೆ. ಇದ್ ಮರದಲ್ಲೇ ಇಟ್ಕೊಂಡ್ ಹಲ್ಲಿಗೆ ಕೊಡುತ್ತೆ. ಮೊದಲ್ನೇದ್ ವಿಚಿತ್ರ ಉಟ್ಟಲ್ಲ ಅಂತ ಸುಮ್ನೆ ತಂದದ್ದ್, ಆ ದಿನವೇ ಇವಳು ದೂಳು ಒರೆಸುವಾಗ ಗದ್ದ ತಾಗಿ ಗೊತ್ತಾದ್ದ್. ಯಾರ ಹತ್ರನೂ ಹೇಳ್ಬೇಡಿ ಅಂದಳು, ಮರ ಕಚ್ಚುವವಳು ಅಂತ ಜನ ನಗುತ್ತಾರೆ ಅಂತ ನಾಚಿಕೆ.”

“ಕೇಳುದಾದ್ರೆ ಒಂದ್ ಸಾಕಾಗ್ತಿತ್ತಲ್ಲ ತಮ್ಮ,” ಅಂದಳು ಅವ್ವ. “ಏಳ್ ಎಂತಕ್ಕೆ?”

ಮಾವ ಮೀಟುವುದನ್ನು ನಿಲ್ಲಿಸಿದರು. ಕಣ್ಣು ತೆರೆದು ಅವ್ವನ ತುಟಿ ನೋಡುತ್ತಿದ್ದ ಅತ್ತೆ ಬಾಯಿಂದ ಗಿಟಾರು ತೆಗೆದು, ತಾವೇ ಹೇಳಿದರು. ಸ್ವರದ ಏರಿಳಿತ ಗೊತ್ತಿಲ್ಲದವರ ಮಾತು, ಸ್ವಲ್ಪ ಜೋರಾಗಿಯೇ ಬಂತು.

“ಮದುವೆ ಆದ ಹೊಸತ್ರಲ್ಲಿ ನಾ ಕೇಳಿದ್ದೆ ಅತ್ತಿಗೆ. ಇಡೀ ಎಸ್ಟೇಟಿಗೆ ಇವರ ಸ್ವರ ಗೊತ್ತುಟ್ಟು, ನಂಗೆ ಮಾತ್ರ ಗೊತ್ತಿಲ್ಲೆ, ಅದ್ ಹೆಂಗುಟ್ಟು ಅಂತ. ಮೊದಲ್ನೇ ಗಿಟಾರಿನ ಮರಕ್ಕೆ ಬಾಯಿ ಇಟ್ಟು ಮಾತಾಡಿ ನೋಡಿದ್ರು, ಬರೀ ಗುಂಯ್ ಅಂತ ಕೇಳ್ತು. ಅದ್ಕೆ ಹುಡುಕ್ತಾ ಇದ್ದವೆ. ತಮ್ಮ ಸ್ವರದ ಹಾಂಗೆ ಇರುದು ಸಿಕ್ಕುವವರೆಗೆ ಹುಡುಕ್ತವಂತೆ. ಆದ್ರೆ ತಮ್ಮ ಸ್ವರ ತಮಗೆ ಸರಿಯಾಗಿ ಗೊತ್ತಾಗುದಿಲ್ಲೆ ಅಂತವೆ.” ಅತ್ತೆ ಹಸಿರು ಗಿಟಾರನ್ನು ಅವ್ವನ ಕಡೆ ಚಾಚಿದರು. “ನೀವ್ ಸಣ್ಣದ್ರಿಂದ ಕೇಳಿದವರ್. ನೀವ್ ಹೇಳಿ ಅತ್ತಿಗೆ, ಇದ್ರಲ್ಲಿ ಇವರ ಸ್ವರ ಯಾವ್ದು?”

ಬೆಂಗಳೂರಿನ ಮನುಷ್ಯ ಕೈಯಲ್ಲಿದ್ದ ಪೆಟ್ಟಿಗೆಯನ್ನು ಸದ್ದಾಗದ ಹಾಗೆ ನೆಲಕ್ಕಿಟ್ಟ.

ಅವ್ವ ನೆಲದ ಮೇಲೆ ಕೂತಳು. ಎರಡು ಕಿವಿಗೂ ಬೆರಳು ತುರುಕಿಕೊಂಡು, ಉಳಿದಿದ್ದ ನಾಲ್ಕಾರು ಹಲ್ಲಿನಿಂದ ಹಸಿರು ಗಿಟಾರನ್ನು ಕಚ್ಚಿದಳು. ಮಾವ ಮೀಟಿದರು. ಅವ್ವ ಅಲ್ಲವೆಂದು ತಲೆಯಾಡಿಸಿ ಅದನ್ನು ಪಕ್ಕಕ್ಕಿಟ್ಟಳು. ನಾಲ್ಕು ಕಾಲಿನದು ಬಂತು. ಎರಡು ಕುತ್ತಿಗೆಯದು ಬಂತು. ಬಸ್ಸಿನ ಸೀಟು ಬಂತು. ನಾನು ಅವಳಿಗೆ ಒಂದೊಂದನ್ನೇ ಎತ್ತಿ ಕೊಟ್ಟೆ. ಅತ್ತೆ ಅವ್ವನ ಮುಖದಿಂದ ಕಣ್ಣು ಕೀಳಲಿಲ್ಲ. ಕೊನೆಗೆ ಬಾಣಲೆಯೂ ಆಯಿತು. ಅವ್ವ ಬೆರಳು ತೆಗೆದು, ಕೆನ್ನೆ ಒರೆಸಿಕೊಂಡು, ಅತ್ತೆಗೆ ತುಟಿ ಕಾಣುವ ಹಾಗೆ ಎದುರು ತಿರುಗಿ, ಬಿಡಿಸಿ ಬಿಡಿಸಿ ಹೇಳಿದಳು:

“ಯಾವ್ದೂ ಅಲ್ಲ. ಇನ್ನೊಂದ್ ತರ್ಲಿ.”