ಸೂರ್ಯನ ಬದಲು ಆಂಟಿಯ ತಟ್ಟೆ

ನೆಟ್ಟಗೆ ಒಂದು ಕಡೆ ಇರುವುದು ನನ್ನಿಂದಾಗದು. ಎದುರಿಗೆ ಯಾರು ಸಿಕ್ಕರೂ ಅವರ ಹಾಗೇ ಕೆಮ್ಮಬೇಕು, ಅವರ ಹಾಗೇ ಕನ್ನಡಕ ಏರಿಸಬೇಕು ಎನಿಸುತ್ತದೆ. ಗದಗದಿಂದ ಬಂದ ನಾಲ್ಕು ವರ್ಷದಲ್ಲಿ ಚಂದ್ರಾ ಲೇಔಟಿನ ಅರ್ಧ ಜನರ ದನಿ ಕಲಿತಿದ್ದೇನೆ. ಊರಿಗೆ ಫೋನ್ ಮಾಡಿದರೆ ಅವ್ವ, "ಯಾರ್ರೀ ಮಾತಾಡೋರು?" ಎನ್ನುತ್ತಾಳೆ. ಇಂಥವನಿಗೆ ಸಿಕ್ಕಿರುವ ಕೆಲಸ ನೋಡಿ: ಒಂದು ಯಂತ್ರಕ್ಕೆ ಒಂದೇ ಕಡೆ ನೋಡುವುದನ್ನು ಕಲಿಸುವುದು.

ವಿಮಾನಗಳಿಗಿಂತ ಬಹಳ ಮೇಲೆ ಹೋಗುವ ಬಲೂನಿನ ಕೆಳಗೆ ನಮ್ಮ ಸಂಸ್ಥೆಯವರು ಬುಟ್ಟಿಯಂಥ ಚೌಕಟ್ಟು ಕಟ್ಟಿ, ಅದರಲ್ಲಿ ಸೂರ್ಯನನ್ನು ನೋಡುವ ದೂರದರ್ಶಕ ಇಡುತ್ತಾರೆ. ಮೇಲೆ ಹೋದ ಬುಟ್ಟಿ ಸುಮ್ಮನಿರುವುದಿಲ್ಲ, ತೂಗುತ್ತದೆ, ತಿರುಗುತ್ತದೆ. ಅದೆಷ್ಟೇ ತಿರುಗಿದರೂ ದೂರದರ್ಶಕ ಮಾತ್ರ ಸೂರ್ಯನ ಮೇಲಿಂದ ಕಣ್ಣು ತೆಗೆಯಬಾರದು. ಬೆಳಕು ಹುಡುಕುವ ಸೆನ್ಸರ್, ಅತ್ತ ತಿರುಗಿಸುವ ಮೋಟಾರು ಇರುವ ಡಬ್ಬಿ ನನ್ನದು. ಅದಿನ್ನೂ ಪರೀಕ್ಷೆಯಲ್ಲಿ ಪಾಸಾಗಿರಲಿಲ್ಲ. ತಂಡವೆಲ್ಲ ಬಲೂನು ಹಾರಿಸುವ ಊರಿಗೆ ಹೊರಟಾಗ ಡಬ್ಬಿಯನ್ನೂ ನನ್ನನ್ನೂ ಇಲ್ಲೇ ಬಿಟ್ಟರು. "ಭಾನುವಾರ ಸಂಜೆಯೊಳಗೆ ಡಬ್ಬಿ ಸೂರ್ಯನ್ನೇ ನೋಡ್ತಿದೆ ಅಂತ ಒಂದು ನೆಟ್ಟಗಿರೋ ಗ್ರಾಫ್ ಕಳ್ಸಪ್ಪಾ, ಡಬ್ಬಿ ತರಿಸ್ಕೋತೀವಿ. ಇಲ್ದಿದ್ರೆ ಹಳೇ ಡಬ್ಬಿನೇ ಹಾರ್ಸ್ತೀವಿ," ಅಂದರು ಬಾಸ್, ಪ್ರತಿ ಮಾತಿಗೂ ಮೂಗೆಳೆಯುತ್ತಾ. ಆ ಮೂಗೆಳೆತವನ್ನು ಅಲ್ಲೇ ಮನಸ್ಸಿನಲ್ಲಿ ಅಭ್ಯಾಸ ಮಾಡಿಕೊಂಡೆ. ಮಾಡಿ ತೋರಿಸಲು ಯಾರೂ ಉಳಿದಿಲ್ಲ ಎನ್ನುವುದು ಬಸ್ಸು ಹೊರಟ ಮೇಲೆ ಹೊಳೆಯಿತು.

ಭಾನುವಾರ ಬೆಳಿಗ್ಗೆ ಬಾಡಿಗೆ ಮನೆಯ ತಾರಸಿಯಲ್ಲಿ, ನೀರಿನ ಟ್ಯಾಂಕಿನ ಸ್ಟ್ಯಾಂಡಿಗೆ ಡಬ್ಬಿ ನೇತುಹಾಕಿ ಒಂದು ಸುತ್ತು ತಿರುಗಿಸಿ ಬಿಟ್ಟೆ. ಅದು ಸೂರ್ಯನನ್ನು ಒಂದು ಕ್ಷಣ ನೋಡಿ, ಬೇಜಾರಾದಂತೆ ಪಕ್ಕಕ್ಕೆ ಹೊರಳಿತು. ಎಷ್ಟು ಸಲ ಬಿಟ್ಟರೂ ಅದೇ ಕಥೆ. ನಾನು ಸಾಕಿದ ಡಬ್ಬಿ, ಇನ್ನೇನು ಮಾಡೀತು?

ಅಷ್ಟರಲ್ಲಿ ಕೆಳಗಿನ ಮನೆಯ ಓನರ್ ಆಂಟಿ ಬಂದರು. "ಏನೋ ಇದು, ಹಕ್ಕಿಗೂಡಾ?"

"ಸೂರ್ಯನ್ನ ನೋಡೋ ಯಂತ್ರ ಆಂಟಿ."

"ನನ್ ಸಂಡಿಗೆ ಕಡೆ ನೋಡ್ತಾ ಇದೆಯಲ್ಲೋ."

ನೋಡಿದರೆ ಹೌದು. ಸಂಡಿಗೆಗೆ ಕಾಗೆ ಬರದಿರಲಿ ಎಂದು ಆಂಟಿ ಗೋಡೆಗೆ ಒರಗಿಸಿದ್ದ ಸ್ಟೀಲ್ ತಟ್ಟೆ ಫಳಫಳ ಹೊಳೆಯುತ್ತಿತ್ತು. ನನ್ನ ಡಬ್ಬಿ ಅದನ್ನೇ ಸೂರ್ಯ ಎಂದುಕೊಂಡಿತ್ತು. ತಟ್ಟೆಯನ್ನು ನೆರಳಿನಲ್ಲಿ ಕವುಚಿ ಹಾಕಿದ ಮೇಲೆ ಡಬ್ಬಿ ಸೂರ್ಯನನ್ನು ಬಿಟ್ಟು ಕದಲಲಿಲ್ಲ. ಖುಷಿಗೆ ಬಾಸ್ ಮೂಗೆಳೆಯುವುದನ್ನು ಮಾಡಿ ತೋರಿಸಿದೆ. ಆಂಟಿ ಗೋಡೆ ಹಿಡಿದುಕೊಂಡು ನಕ್ಕರು, ಸಂಡಿಗೆ ಮಗುಚಿ ಹಾಕಿದರು, ಕೆಳಗೆ ಹೋದರು.

ಸಂಜೆಯವರೆಗೂ ಡಬ್ಬಿ ಸೂರ್ಯನನ್ನು ನೋಡಿತು, ನಾನು ಡಬ್ಬಿಯನ್ನು ನೋಡಿದೆ. ಗ್ರಾಫ್ ಕಳಿಸಿದೆ. ಬಾಸ್ ಮೆಸೇಜಿನಲ್ಲಿ ಒಂದು ಹೆಬ್ಬೆರಳು ಕಳಿಸಿದರು. ಅವ್ವ ಫೋನ್ ಎತ್ತಲಿಲ್ಲ. ಯಾರಿಗಾದರೂ ಹೇಳಬೇಕಿತ್ತು. ಆಂಟಿಯ ತಟ್ಟೆ ಅಲ್ಲೇ ಉಳಿದಿತ್ತು. ಅದನ್ನು ಹಿಡಿದು ಕೆಳಗೆ ಹೋಗಿ ಬೆಲ್ ಒತ್ತಿದೆ.

"ಯಾರದು?"

ಯಾಕೋ ಯಾರ ದನಿಯೂ ನೆನಪಾಗಲಿಲ್ಲ. "ನಾನ್ರೀ ಆಂಟಿ. ತಾಟು ಕೊಡಾಕ ಬಂದೀನ್ರೀ. ನನ್ನ ಡಬ್ಬಿ ಪಾಸಾತ್ರೀ."

ಬಾಗಿಲು ತೆಗೆದ ಆಂಟಿ ನಗುತ್ತಿದ್ದರು. "ಇದ್ಯಾರ್ ಥರನೋ? ಬಾಸಿಗಿಂತ ಚೆನ್ನಾಗಿದೆ. ಇನ್ನೊಂದ್ ಸಲ ಮಾಡು."

ಮಾಡಿದೆ. ಎರಡನೇ ಸಲ ಅಷ್ಟು ಚೆನ್ನಾಗಿ ಬರಲಿಲ್ಲ.