ಅತ್ತೆಯ ಸೊಂಟದ ಅತಿಥಿಗಳು

ಮನೆಯವರ ಜೊತೆ ಆಸ್ಪತ್ರೆಗೆ ಹೋಗುವವರಿಗೆ ಫ್ಲಾಸ್ಕು, ಹೊದಿಕೆ ಹೊರುವುದಲ್ಲದೆ ಇನ್ನೊಂದು ಕೆಲಸವಿರುತ್ತದೆ. ಡಾಕ್ಟರು ಹೇಳಿದ್ದನ್ನು ರೋಗಿಗೆ ತಿಳಿಯುವ ಹಾಗೆ ಹೇಳುವುದು. ಆ ಕೆಲಸದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದುಕೊಂಡಿದ್ದೆ.

ಹಳೇಬೀಡಿನ ನಮ್ಮ ಮನೆಯಿಂದ ಬಸದಿಯವರೆಗೆ ನಡೆದು ಬರದಿದ್ದರೆ ನಮ್ಮತ್ತೆಗೆ ಬೆಳಗೇ ಆಗುವುದಿಲ್ಲ. ಸೊಂಟದ ಸವೆದ ಕೀಲು ತೆಗೆಸಿ ಲೋಹದ್ದು ಹಾಕಿಸಿಕೊಂಡದ್ದೂ ಅದಕ್ಕೇ. ಆದರೆ ನೋವು ಮತ್ತೆ ಬಂತು, ಸಣ್ಣ ಜ್ವರ ಬಿಡಲೊಲ್ಲದು. ಕೀಲಿನ ಸುತ್ತ ಬ್ಯಾಕ್ಟೀರಿಯಾ ಸೇರಿದ್ದರೆ ಬೇಗ ಔಷಧಿ ಶುರುವಾಗಬೇಕು, ತಡವಾದರೆ ಕೀಲನ್ನೇ ತೆಗೆಯಬೇಕಾದೀತು ಎಂದರು ಬೆಂಗಳೂರಿನ ಡಾಕ್ಟರು. ಅದನ್ನು ತಿಳಿಯಲು ಅವರಲ್ಲಿ ಹೊಸ ಪರೀಕ್ಷೆಯೊಂದಿತ್ತು. ಸಕ್ಕರೆಯಂಥ ವಸ್ತುವಿಗೆ ಚೂರು ವಿಕಿರಣ ಸೇರಿಸಿ ರಕ್ತಕ್ಕೆ ಚುಚ್ಚುತ್ತಾರಂತೆ. ನಮ್ಮ ಮೈ ಅದನ್ನು ಅಷ್ಟಾಗಿ ಮುಟ್ಟುವುದಿಲ್ಲ. ಕೆಲವು ಬ್ಯಾಕ್ಟೀರಿಯಾ ಆಸೆಪಟ್ಟು ತಿನ್ನುತ್ತವೆ. ತಿಂದವು ಎಲ್ಲಿ ಕೂತಿವೆಯೋ ಸ್ಕ್ಯಾನಿನ ಚಿತ್ರದಲ್ಲಿ ಅಲ್ಲಿ ಹೊಳೆಯುತ್ತದೆ.

ವಿಕಿರಣ ಎಂದೊಡನೆ ಅತ್ತೆ ಸೆರಗು ಬಿಗಿಯಾಗಿ ಹೊದ್ದರು. ನಾನು ಬಿಟ್ಟೇನೆಯೇ? "ಏನಿಲ್ಲ ಅತ್ತೆ, ನೀವು ಹಿತ್ತಲಲ್ಲಿ ಇರುವೆ ಗೂಡಿಗೆ ಸಕ್ಕರೆ ಹಾಕ್ತೀರಲ್ಲ, ಹಂಗೇ."

"ಅಷ್ಟೇನಾ? ಪಾಪ, ತಿನ್ಲಿ ಬಿಡು," ಎಂದು ತೋಳು ಚಾಚಿಯೇಬಿಟ್ಟರು. ಡಾಕ್ಟರು ನನ್ನನ್ನು ಮೆಚ್ಚಿ ನೋಡಿದರು. ನಾನೂ ಬೀಗಿದೆ.

ಚಿತ್ರದಲ್ಲಿ ಸೊಂಟದ ಬಳಿ ಹೊಳೆಯಿತು. "ಸಿಕ್ಕಿಬಿದ್ವು ಅಜ್ಜಿ! ಇನ್ನು ಆಂಟಿಬಯಾಟಿಕ್ ಕೊಟ್ಟು ಎಲ್ಲಾನೂ ಸಾಯಿಸಿಬಿಡೋಣ," ಎಂದರು ಡಾಕ್ಟರು. ಜೀವಹಿಂಸೆಯಾದೀತೆಂದು ಗೆಡ್ಡೆ ಮುಟ್ಟದ, ಕತ್ತಲಾದ ಮೇಲೆ ಉಣ್ಣದ ಜೈನರ ಅಜ್ಜಿಯ ಮುಂದೆ ಆಡುವ ಮಾತೇ ಅದು?

"ಉಣ್ಣಕ್ಕಿಕ್ಕಿ ಸಾಯ್ಸೋದಾ ಡಾಕ್ಟ್ರೇ? ನಮ್ಮನೇಲಿ ಹಂಗೆ ಮಾಡಲ್ಲ."

"ಹಿಂದೆ ಜ್ವರಕ್ಕೆ ಮಾತ್ರೆ ನುಂಗಿದ್ದೀಯಲ್ಲಮ್ಮ," ಎಂದರು ಜೊತೆಗೆ ಬಂದಿದ್ದ ನಮ್ಮ ಯಜಮಾನರು.

"ಅವು ತಾವಾಗೇ ಬಂದಿದ್ವು ಕಣೋ. ಇವಕ್ಕೆ ನಾನೇ ಇಕ್ಕಿದೀನಿ!"

ಮಾತ್ರೆಗಳು ನಮ್ಮ ಜೊತೆ ಊರಿಗೆ ಬಂದು ಗೋಡೆಯ ಗೂಡಿನಲ್ಲಿ ಹಾಗೇ ಕೂತವು. ಅತ್ತೆ ಜಗಲಿ ಇಳಿಯಲಾರದಾದರು. ಬಸದಿಯ ದಿಕ್ಕಿಗೆ ಕುರ್ಚಿ ಹಾಕಿಸಿಕೊಂಡು ಅಲ್ಲಿಂದಲೇ ಕೈಮುಗಿಯುವುದು ನೋಡಿ ನನಗೆ ತಡೆಯಲಾಗಲಿಲ್ಲ. "ಇನ್ನು ಮೇಲೆ ಇಷ್ಟೇನಾ ಅತ್ತೆ?" ಎಂದು ಕಣ್ಣೊರೆಸಿಕೊಂಡೆ.

ಅವರು ಮುಗಿದ ಕೈ ಇಳಿಸಿ, "ಇರುವೆ ಮಾತು ಯಾರೆತ್ತಿದ್ದು ಪದ್ಮಾ?" ಎಂದರು.

"ನಾನೇ."

"ಹಂಗಾದ್ರೆ ಅವನ್ನ ಉಣ್ಣಕ್ಕೆ ಕರ್ದೋಳು ನೀನು. ಮಾತ್ರೆ ನಂದು, ಪ್ರಾಯಶ್ಚಿತ್ತ ನಿಂದು. ಬೇಗ ನೀರು ತಾ, ಹೊತ್ತು ಮುಳುಗ್ತೈತೆ."

ಅಂದಿನಿಂದ ಪ್ರತಿ ಅಷ್ಟಮಿ, ಚತುರ್ದಶಿ ನನಗೆ ಉಪವಾಸ. ಮಾತ್ರೆಯ ಜೊತೆ ಹೊಟ್ಟೆ ತುಂಬಿರಬೇಕೆಂದು ಡಾಕ್ಟರು ಹೇಳಿದ್ದರಿಂದ, ಅತ್ತೆ ನನ್ನೆದುರೇ ತುಪ್ಪ ಸುರಿದ ಅಕ್ಕಿರೊಟ್ಟಿಯನ್ನು ನಿಧಾನವಾಗಿ ಮುರಿಯುತ್ತಿದ್ದರು. ಔಷಧಿ ಮುಗಿದಾಗ ಮತ್ತೆ ಪರೀಕ್ಷೆಯಾಯಿತು. ಎಲ್ಲೂ ಹೊಳೆಯಲಿಲ್ಲ.

"ಎಷ್ಟಿದ್ವು ಡಾಕ್ಟ್ರೇ, ಒಟ್ಟು?" ಎಂದು ಅತ್ತೆ ಕೇಳಿದರು.

"ಕೋಟಿಗಟ್ಟಲೆ ಅಜ್ಜಿ!"

ಅತ್ತೆ ನನ್ನ ಕಡೆ ತಿರುಗಿ, ಬಲು ಕನಿಕರದಿಂದ, "ಕೋಟಿಯಂತೆ ಕಣೇ," ಎಂದರು.

ಈಗ ಅವರು ಬೆಳಗಾಗುತ್ತಲೇ ಬಸದಿಗೆ ನಡೆಯುತ್ತಾರೆ. ನಾನು ಗೋಡೆಯ ಪಂಚಾಂಗದ ಮುಂದೆ ನಿಂತು ಮುಂದಿನ ಚತುರ್ದಶಿ ಯಾವತ್ತೆಂದು ಭಕ್ತಿಯಿಂದ ಹುಡುಕುತ್ತೇನೆ. ಹೊಟ್ಟೆ ತುಂಬ ಹೋಳಿಗೆ ತಿನ್ನಲು ಅದರ ಹಿಂದಿನ ದಿನವೇ ಬೇಳೆ ಬೇಯಿಸಬೇಕಲ್ಲ.