ಡಾಕ್ಟರ್ ಸಾಹೇಬರ ಕೋಟು

ಹಸನಸಾಬನ ಬಲಗೈ ಮುರಿಯಲು ಕಾರಣ ಒಂದು ಕೋಟು. ಅದೂ ಇನ್ನೂ ಹೊಲಿಯದ ಕೋಟು.

ವಿಜಾಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಅವನ ದರ್ಜಿ ಅಂಗಡಿ. ಕೈ ಬಂಗಾರದಂಥದ್ದು. ಅವನು ಹಾಕಿದ ಕಾಜಾ ತೋರಿಸಲೆಂದೇ ಜನ ಅಂಗಿಯ ಗುಂಡಿ ಬಿಚ್ಚುತ್ತಿದ್ದರು. ಆದರೆ ನಾಲಿಗೆ ಮಾತ್ರ ಒಂದೇ ಮಾತು ಕಲಿತಿತ್ತು: "ನಾಳೆ ಬರ್ರಿ." ಊರಿನ ಹುಡುಗರಿಗೆಲ್ಲ ಬೆಲ್‌ಬಾಟಮ್ ಹುಚ್ಚು ಹಿಡಿದ ಕಾಲ ಬೇರೆ. ಮದುವೆಗೆಂದು ಹೊಲಿಯಲು ಕೊಟ್ಟ ಅಂಗಿ ಬಸುರಿ ಹೆಂಡತಿಯ ಕುಬಸದ ಹೊತ್ತಿಗೆ ಕೈಗೆ ಸಿಕ್ಕರೆ ಗಿರಾಕಿ ಪುಣ್ಯವಂತ.

ದವಾಖಾನೆಯ ಜವಾನ ಭಾಗಪ್ಪ ಯುಗಾದಿಗೂ ಮುಂಚೆ ಕರಿ ಬಟ್ಟೆ ತಂದುಕೊಟ್ಟಿದ್ದ. "ಡಾಕ್ಟರ್ ಸಾಹೇಬರ ಕೋಟು ಐತಿ. ಅವರಿಗೆ ಬರಾಕ ಪುರಸತ್ತ ಇಲ್ಲ. ನನ್ನ ಅಳತಿನೇ ತೊಗೊ, ನನಗ ಆದದ್ದು ಅವರಿಗೂ ಆಕೈತಿ" ಅಂದಿದ್ದ. ಭಾಗಪ್ಪನ ಹೊಟ್ಟೆಯ ಸುತ್ತ ಟೇಪು ಹಾಯಿಸುತ್ತ ಹಸನಸಾಬ, ಸಾಹೇಬರು ಚೆನ್ನಾಗಿ ಉಂಡು ಬೆಳೆದವರು ಅಂದುಕೊಂಡಿದ್ದ.

ಅಂದಿನಿಂದ ಅಂಗಡಿಗೆ ಭಾಗಪ್ಪನ ದಿನದ ಫೇರಿ ಶುರುವಾಯಿತು. ಆ ಮುಂಜಾನೆಯೂ ಓಣಿಯ ತುದಿಯಲ್ಲಿ ಅವನ ಟೊಪ್ಪಿಗೆ ಕಂಡದ್ದೇ ತಡ, ಹಸನಸಾಬ ಹಿಂಬಾಗಿಲಿನಿಂದ ಪಾರಾಗಿ ಹಿತ್ತಲ ಗೋಡೆ ಏರಿದ. ಏರಿದ್ದು ಸರಿಯಾಗಿಯೇ ಇತ್ತು. ಇಳಿಯುವಾಗ ಹೂ ಮಾರುವ ರಾಚವ್ವನ ಆಡಿನ ಮೇಲೆ ಕಾಲಿಟ್ಟ. ಆಡು ಎದ್ದಿತು, ಹಸನಸಾಬ ಬಿದ್ದ. ಊರಿದ ಬಲಗೈ ಮಣಿಕಟ್ಟಿನಲ್ಲಿ ಸೌಟಿನಂತೆ ಬಾಗಿಬಿಟ್ಟಿತು.

ರಾಚವ್ವ ಮೊದಲು ಆಡಿನ ಕಾಲು ತಡವಿ ನೋಡಿದಳು, ಆಮೇಲೆ ಇವನ ಕೈ. "ಯಪ್ಪಾ, ಕೈ ಹೋತಲ್ಲೋ! ತಿಕೋಟಾಕ್ಕ ಒಯ್ರಿ ಇವನ್ನ. ಅಲ್ಲಿ ಎಲುಬು ಕೂಡ್ಸಾವ ಒಬ್ಬಾಂವ ಅದಾನ."

"ತಿಕೋಟಾ ಯಾಕ ಬೇ? ಬಬಲೇಶ್ವರದಾಗ ನಮ್ಮ ಮಾವ ಅದಾನ. ತತ್ತಿ ಲೋಳಿ ಹಚ್ಚಿ ಕಟ್ಟಿದಾ ಅಂದ್ರ ಮುರದ ಕೈ ನಾಕ ದಿನದಾಗ ಎಮ್ಮಿ ಹಿಂಡತೈತಿ" ಎನ್ನುತ್ತ ಟಾಂಗಾದ ನಿಜಾಮುದ್ದೀನ ಕುದುರೆ ಹೂಡಿದ.

ಬಸ್ ಸ್ಟ್ಯಾಂಡಿನ ದಾರಿಯುದ್ದಕ್ಕೂ ತಿಕೋಟಾಕ್ಕೂ ಬಬಲೇಶ್ವರಕ್ಕೂ ಜಗಳ ನಡೆಯಿತು. ಪ್ರತಿ ಕುಲುಕಿಗೂ ಹಸನಸಾಬ ಅಲ್ಲಾನನ್ನು ಕರೆಯುತ್ತಿದ್ದ. ಕೊನೆಗೆ ಪಕ್ಕದಲ್ಲಿ ಕುಳಿತಿದ್ದ ಹೆಂಡತಿ ಸಬೀರಾ ಗುಡುಗಿದಳು: "ಟಾಂಗಾ ದವಾಖಾನಿಗೆ ಹೊಡಿ!"

"ದವಾಖಾನಿ ಬ್ಯಾಡ! ತಿಕೋಟಾ, ಬಬಲೇಶ್ವರ, ಎಲ್ಲಿಗರ ಒಯ್ರಿ. ದವಾಖಾನಿ ಮಾತ್ರ ಬ್ಯಾಡ!" ಹಸನಸಾಬ ಹೌಹಾರಿದ.

"ಕತ್ತರಿ ಹಿಡಿಯೂ ಕೈ ಇದು. ಇದು ಸೊಟ್ಟ ಆತಂದ್ರ ಮನ್ಯಾಗ ಒಲಿ ಹೊತ್ತೂದಿಲ್ಲ. ಸುಮ್ಮ ಕುಂಡ್ರಿ" ಎಂದಳು ಸಬೀರಾ.

ಕೋಟಿನ ಭಯದಲ್ಲಿ ಕೈಯ ಭಯವನ್ನೇ ಮರೆತಿದ್ದ ಹಸನಸಾಬನಿಗೆ ಈಗ ಎರಡೂ ಒಟ್ಟಿಗೆ ಅಡರಿದವು. ಕಣ್ಣಲ್ಲಿ ನೀರು ಬಂತು.

ದವಾಖಾನೆಯ ಬಾಗಿಲಲ್ಲಿ ಸ್ಟ್ರೆಚರ್ ಹಿಡಿದು ನಿಂತಿದ್ದವನು ಭಾಗಪ್ಪನೇ. "ಬಾ ಬಾ! ನಿನ್ನ ಅಂಗಡ್ಯಾಗ ಕುಂತು ಕುಂತು ಈಗ ಬರಾಕತ್ತೇನಿ. ಕೋಟು ತಂದಿ ಏನ?"

ಹಸನಸಾಬ ಎಡಗೈಯಿಂದ ಅವನ ಅಂಗಿ ಹಿಡಿದ. "ಭಾಗಪ್ಪಣ್ಣಾ, ಸಾಹೇಬರ ಮುಂದ ನಾ ದರ್ಜಿ ಅಂತ ಹೇಳಬ್ಯಾಡ. ಕಾಲಿಗೆ ಬೀಳತೀನಿ."

ಭಾಗಪ್ಪ ಆಚೀಚೆ ನೋಡಿ ದನಿ ತಗ್ಗಿಸಿದ. "ನಾ ಯಾಕ ಹೇಳ್ಲಿ? ನೀನೂ ಬಾಯಿ ಹೊಲ್ಕೊ. ಕೋಟಿನ ಸುದ್ದಿನೇ ತಗೀಬ್ಯಾಡ."

ಎಂಥ ದೊಡ್ಡ ಮನಸ್ಸು ಇವನದು ಎಂದು ಹಸನಸಾಬ ಕರಗಿಹೋದ.

ಆಪರೇಷನ್ ಕೋಣೆಯಲ್ಲಿ ಬಗಲಿಗೆ ಸೂಜಿ ಚುಚ್ಚಿದರು. ಕೈ ಮರಗಟ್ಟಿತು, ಎಚ್ಚರ ಮಾತ್ರ ಹಾಗೇ ಉಳಿಯಿತು. ಮುಖಕ್ಕೆ ಅಡ್ಡ ಪರದೆ ಕಟ್ಟಿದ್ದರೂ ಮೇಲಿನ ದೊಡ್ಡ ದೀಪದ ಹೊಳೆಯುವ ಬೋಗುಣಿಯಲ್ಲಿ ಎಲ್ಲವೂ ಕಾಣುತ್ತಿತ್ತು. ಡಾಕ್ಟರ್ ಬಂದರು. ಕಡ್ಡಿಯಂಥ ಮನುಷ್ಯ! ಭಾಗಪ್ಪನ ಅಳತೆಯ ಕೋಟಿನಲ್ಲಿ ಇಂಥವರು ಇಬ್ಬರು ಹಿಡಿಯುತ್ತಿದ್ದರು. ಹೊಲಿಯದ್ದು ಒಂದು ತಪ್ಪು, ಅಳತೆ ಕೆಟ್ಟದ್ದು ಇನ್ನೊಂದು ಎಂದು ಹಸನಸಾಬ ಬೆವೆತ.

ಆದರೆ ಆ ಬೆರಳುಗಳು! ಚೂರಾದ ಎಲುಬನ್ನು ತುಂಡಿಗೆ ತುಂಡು ಕೂಡಿಸಿ, ಮೇಲೆ ಉಕ್ಕಿನ ಪಟ್ಟಿಯಿಟ್ಟು ತಿರುಪು ಬಿಗಿದರು. ಗಡಿಬಿಡಿಯಿಲ್ಲ, ಒಂದು ಹೆಚ್ಚಿನ ಚಲನೆಯಿಲ್ಲ.

"ಸರ್, ಮ್ಯಾಲಿನ ಸ್ನಾಯು ಹರದೈತ್ರಿ. ಹಾಂಗ ಮುಚ್ಚೂಣೇನ್ರಿ?" ಎಂದ ಸಹಾಯಕ.

"ಅಂಗೈ ಬೋರಲ ತಿರುವೂ ಸ್ನಾಯು ಅದು. ಎಳಿ ಭಾಳ ನಾಜೂಕ, ಹೊಲಿಗಿ ನಿಲ್ಲೂದು ಕಷ್ಟ. ಎಷ್ಟೋ ಮಂದಿಗೆ ಹಾಂಗ ಬಿಟ್ಟರೂ ನಡೀತೈತಿ" ಎಂದ ಡಾಕ್ಟರ್ ಪರದೆಯಾಚೆಗೆ ಬಾಗಿದರು. "ಏನ್ ಕೆಲಸ ಮಾಡ್ತೀರಿ ನೀವು?"

ದರ್ಜಿ ಎಂಬ ಮಾತನ್ನು ಹಸನಸಾಬ ನುಂಗಿಕೊಂಡ. "ಏನಿಲ್ರೀ ಸಾಹೇಬರ... ಸುಮ್ಮ ಕುಂತಿರ್ತೀನಿ."

"ಕುಂತಿರಾಕ ಇಷ್ಟು ಸಾಕು. ಮುಚ್ಚೂಣು."

ದೀಪದಲ್ಲಿ ಆ ಸ್ನಾಯು ಕಂಡಿತು, ಹೊಲಿಗೆ ಬಿಟ್ಟ ಅಸ್ತರದಂತೆ ಎರಡೂ ಅಂಚು ಬಾಯಿ ತೆರೆದಿದ್ದವು. ಹಾಗೆ ಬಿಟ್ಟ ಬಟ್ಟೆಯನ್ನು ಹಸನಸಾಬ ಜನ್ಮದಲ್ಲಿ ಯಾರ ಕೈಗೂ ಕೊಟ್ಟವನಲ್ಲ. ಇನ್ನು ಕತ್ತರಿ ಹೇಗೆ ತಿರುಗೀತು?

"ಸಾಹೇಬರ! ನಾ ದರ್ಜಿ ರೀ! ನಿಮ್ಮ ಕೋಟು ಹೊಲೀದ ಗ್ವಾಡಿ ಹಾರಿ ಓಡಿದಾಂವ ನಾನ! ತಪ್ಪಾತ್ರಿ, ಅದನ್ನ ಹೊಲೀರಿ!"

ಡಾಕ್ಟರ್ ಸಹಾಯಕನತ್ತ ಕೈ ಚಾಚಿದರು. "ದರ್ಜಿ ಅಂದ್ರ ಹೊಲೀಬೇಕ. ದಾರ ಕೊಡ್ರಿ."

ಆಮೇಲೆ ನಡೆದದ್ದನ್ನು ಹಸನಸಾಬ ಬದುಕಿರುವವರೆಗೂ ಹೇಳುತ್ತಿದ್ದ. ಒದ್ದೆ ಹತ್ತಿಯಂಥ ಎಳೆ ಅದು. ಎಳೆದರೆ ಹರಿಯುತ್ತದೆ, ಬಿಟ್ಟರೆ ಜಾರುತ್ತದೆ. ಡಾಕ್ಟರ್ ಅಂಚಿನ ಗಟ್ಟಿ ಪೊರೆಯನ್ನು ಹುಡುಕಿ ಹಿಡಿದು, ಸಡಿಲವೂ ಅಲ್ಲದ ಬಿಗಿಯೂ ಅಲ್ಲದ ಗಂಟು ಹಾಕುತ್ತ ಹೋದರು. ಉಕ್ಕಿನ ಪಟ್ಟಿ ಸ್ನಾಯುವಿನ ಕೆಳಗೆ ಮರೆಯಾಯಿತು. "ವಾಹ್ ಸಾಹೇಬರ, ವಾಹ್! ನೀವು ಅಂಗಡಿ ತಗದ್ರ ನಾ ಬಾಗಿಲ ಮುಚ್ಚಬೇಕ್ರಿ!" ಎಂದು ಅವನು ತನ್ನ ಕೈ ಎಂಬುದನ್ನೂ ಮರೆತು ಮೆಚ್ಚಿಕೊಂಡ.

"ಅದಿರ್ಲಿ, ಯಾವ ಕೋಟ್ರಿ? ನಾ ನಿಮಗ ಬಟ್ಟಿನೇ ಕೊಟ್ಟಿಲ್ಲಲ್ಲ?" ಎಂದರು ಡಾಕ್ಟರ್.

ಮೂಲೆಯಲ್ಲಿ ನಿಂತಿದ್ದ ಭಾಗಪ್ಪ ತಲೆಯೆತ್ತಿ ಮಾಳಿಗೆ ನೋಡತೊಡಗಿದ. ಎಲ್ಲರೂ ಅವನನ್ನೇ ನೋಡಿದಾಗ ತಲೆ ಕೆರೆದುಕೊಂಡ. "ಮಗಳ ಮದವ್ಯಾಗ ಹಾಕ್ಕೊಳಾಕ ಅದು ನಂದ್ರಿ. ಸಾಹೇಬರ ಹೆಸರು ಹೇಳಿದ್ರ ಲಗೂನ ಹೊಲೀತಾನ ಅಂತ ಮಾಡಿದ್ದೆ. ಮದವಿ ಮುಗೀತು, ಕೋಟು ಬರ್ಲಿಲ್ಲ."

ಇಲ್ಲದ ಕೋಟಿಗಾಗಿ ಇದ್ದ ಕೈ ಮುರಿದುಕೊಂಡೆನಲ್ಲ ಎಂದು ಹಸನಸಾಬ ನಗಲೂ ಆರದೆ ಅಳಲೂ ಆರದೆ ಮಲಗಿದ. ಡಾಕ್ಟರ್ ನಗುತ್ತಲೇ ಚರ್ಮದ ಕಡೆಯ ಹೊಲಿಗೆ ಮುಗಿಸಿದರು.

"ಪ್ಲಾಸ್ಟರ್ ಬಿಚ್ಚಿದ ಮ್ಯಾಲೆ ಈ ಸ್ನಾಯುಗೆ ದಿನಾ ಕೆಲಸ ಬೇಕು. ಮೊದಲ ಭಾಗಪ್ಪನ ಕೋಟು, ಆಮ್ಯಾಲೆ ಖರೇನ ನಂದೊಂದು. ಹೊಲಿದದ್ದನ್ನ ನೋಡೇ ಕೈ ನೆಟ್ಟಗಾತೋ ಇಲ್ಲೋ ಹೇಳ್ತೀನಿ. ಯಾವಾಗ ಕೊಡ್ತೀರಿ?"

ಹಸನಸಾಬನ ಎದೆ ಕೃತಜ್ಞತೆಯಿಂದ ತುಂಬಿತು. ಈ ದೇವರಂಥ ಮನುಷ್ಯನಿಗೆ ಇನ್ನೆಂದೂ ಸುಳ್ಳು ಹೇಳುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಮಾಡಿ, ಕಣ್ಣೊರೆಸಿಕೊಂಡು, ಬಾಯಿ ತೆರೆದ.

"ನಾಳೆ ಬರ್ರಿ, ಸಾಹೇಬರ."